ಬ್ಯಾಟರಿ ಪೂರ್ತಿ ಸತ್ತ ಮೇಲೆ ಎದ್ದು ಕೂತ ಉಪಗ್ರಹ

2002ರ ಜೂನ್ 21ರಂದು ಇಂಗ್ಲೆಂಡಿನ ಹ್ಯಾಮ್ ರೇಡಿಯೋ ಹವ್ಯಾಸಿ ಪ್ಯಾಟ್ ಗೋವೆನ್ ಅವರ ರಿಸೀವರಿನಲ್ಲಿ, 145.97 ಮೆಗಾಹರ್ಟ್ಜ್ ಆಸುಪಾಸಿನಲ್ಲಿ ಮೋರ್ಸ್ ಸಂಕೇತ ಕೇಳಿಸಿತು. ಬರುತ್ತಿದ್ದದ್ದು ಹಳೆಯ ಕಾಲದ ಉಪಗ್ರಹಗಳ ಧಾಟಿಯ ಸಂಕೇತ. ಬೇರೆ ಹವ್ಯಾಸಿಗಳೂ ಕಿವಿಗೊಟ್ಟು ಕೇಳಿದರು. ಅನುಮಾನ ಉಳಿಯಲಿಲ್ಲ. ಮಾತಾಡುತ್ತಿದ್ದದ್ದು ಆಮ್‌ಸ್ಯಾಟ್-ಆಸ್ಕರ್ 7. ಅದು ಸತ್ತು ಆಗಲೇ 21 ವರ್ಷವಾಗಿತ್ತು.

ಆಸ್ಕರ್ 7 ಸುಮಾರು 29 ಕಿಲೋ ತೂಕದ ಸಣ್ಣ ಉಪಗ್ರಹ. ಅಮೆರಿಕ, ಜರ್ಮನಿ, ಕೆನಡಾ, ಆಸ್ಟ್ರೇಲಿಯಾದ ಹವ್ಯಾಸಿಗಳು ಸೇರಿ ಕಟ್ಟಿದ್ದು. 1974ರ ನವೆಂಬರ್ 15ರಂದು ಒಂದು ಹವಾಮಾನ ಉಪಗ್ರಹದ ಜೊತೆ ಡೆಲ್ಟಾ ರಾಕೆಟ್ಟಿನಲ್ಲಿ ಅದಕ್ಕೆ ಜಾಗ ಸಿಕ್ಕಿತು. ನೆಲದಿಂದ ಸುಮಾರು 1,450 ಕಿಲೋಮೀಟರ್ ಮೇಲೆ ಸುತ್ತುವ ಇದರ ಕೆಲಸ ಬೆಟ್ಟದ ತುದಿಯ ರಿಪೀಟರಿನದೇ: ದುರ್ಬಲ ಸಿಗ್ನಲ್ಲನ್ನು ಹಿಡಿದು, ಬೇರೆ ತರಂಗಾಂತರಕ್ಕೆ ಬದಲಿಸಿ, ಬಲ ತುಂಬಿ ವಾಪಸ್ ಕಳಿಸುವುದು. ಬೆಟ್ಟದ ರಿಪೀಟರ್ ಕೆಟ್ಟರೆ ಯಾರಾದರೂ ಮೀಟರ್ ಹಿಡಿದು ಹತ್ತಬಹುದು. ಇಲ್ಲಿಗೆ ಹತ್ತುವ ದಾರಿಯಿಲ್ಲ.

ಅದರ ವಿದ್ಯುತ್ ವ್ಯವಸ್ಥೆ ಮನೆಯ ಸೋಲಾರ್ ದೀಪದಷ್ಟೇ ಸರಳ ತತ್ವದ್ದು. ಬಿಸಿಲಿರುವಾಗ ಮೈಮೇಲಿನ ಸೌರಫಲಕಗಳು ರೇಡಿಯೋವನ್ನು ನಡೆಸುತ್ತವೆ, ಮಿಕ್ಕ ವಿದ್ಯುತ್ತನ್ನು ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗೆ ತುಂಬುತ್ತವೆ. ಭೂಮಿಯ ನೆರಳಿಗೆ ಸರಿದಾಗ ಬ್ಯಾಟರಿ ಕೈಹಿಡಿಯುತ್ತದೆ. ಎಲ್ಲವೂ ಒಂದೇ ತಂತಿಗೆ ಬಂದು ಸೇರುತ್ತವೆ. ಅನುಕೂಲ ಇರುವುದು ಅಲ್ಲಿ, ಅಪಾಯ ಇರುವುದೂ ಅಲ್ಲೇ.

ಆರೂವರೆ ವರ್ಷ ದುಡಿದ ಮೇಲೆ, 1981ರ ನಡುವಿನಲ್ಲಿ ಬ್ಯಾಟರಿ ಕೈಕೊಟ್ಟಿತು. ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಎಂದರೆ ಸಾಲಾಗಿ ಜೋಡಿಸಿದ ಸಣ್ಣ ಕೋಶಗಳು. ಅವೆಲ್ಲ ಸಮನಾಗಿ ಮುದಿಯಾಗುವುದಿಲ್ಲ. ದುರ್ಬಲವಾದದ್ದು ಮೊದಲು ಬರಿದಾಗುತ್ತದೆ. ಉಳಿದವು ಅದರ ಮೂಲಕವೇ ವಿದ್ಯುತ್ತನ್ನು ತಳ್ಳುತ್ತಿರುವುದರಿಂದ ಅದು ಇನ್ನಷ್ಟು ಹಾಳಾಗುತ್ತದೆ. ಒಳಗೆ ಕ್ಯಾಡ್ಮಿಯಂ ಸೂಜಿಯಂತೆ ಬೆಳೆದು, ಎರಡು ತಗಡುಗಳ ನಡುವಿನ ತೆಳುತೆರೆಯನ್ನು ಚುಚ್ಚಿದರೆ ಆ ಕೋಶ ಶಾರ್ಟ್ ಆಗುತ್ತದೆ. ಒಂದರ ಹಿಂದೊಂದು ಹೀಗಾದರೆ ಬ್ಯಾಟರಿ ವಿದ್ಯುತ್ ಕೊಡುವ ವಸ್ತುವಾಗಿ ಉಳಿಯುವುದಿಲ್ಲ, ನುಂಗುವ ವಸ್ತುವಾಗುತ್ತದೆ. ಸೌರಫಲಕಗಳು ಸರಿಯಾಗಿಯೇ ಇರುತ್ತವೆ, ಆದರೆ ಅವು ಕೊಟ್ಟದ್ದೆಲ್ಲ ಏರಿ ಒಡೆದ ಕಾಲುವೆಯ ನೀರಿನಂತೆ ದಾರಿಯಲ್ಲೇ ಹೋಗುತ್ತದೆ. ರೇಡಿಯೋಗೆ ಒಂದು ಹನಿಯೂ ತಲುಪುವುದಿಲ್ಲ.

ನೆಲದ ಮೇಲೆ ಇದು ರಿಪೇರಿ ಮಾಡುವವರಿಗೆಲ್ಲ ಪರಿಚಯದ ದೋಷ. ರಿಪೀಟರ್ ಪೂರ್ತಿ ಸ್ತಬ್ಧವಾಗಿದ್ದರೆ ಅವರು ಮೊದಲು ಟ್ರಾನ್ಸ್‌ಮಿಟರ್ ಬಿಚ್ಚುವುದಿಲ್ಲ. ಬ್ಯಾಟರಿಯ ತಂತಿ ಕಳಚಿ ವೋಲ್ಟೇಜ್ ನೋಡುತ್ತಾರೆ. ಕಳಚಿದ ಕೂಡಲೇ ವೋಲ್ಟೇಜ್ ಮೇಲೆದ್ದರೆ ಕಳ್ಳ ಸಿಕ್ಕಿಬಿದ್ದ ಹಾಗೆ. ಆಸ್ಕರ್ 7ಕ್ಕೂ ಬೇಕಾಗಿದ್ದದ್ದು ಇಷ್ಟೇ. ಕಳಚುವ ಕೈ ಮಾತ್ರ ಇರಲಿಲ್ಲ.

ಆ ಕೆಲಸವನ್ನು ಕಾಲ ಮಾಡಿತು. ಉಪಗ್ರಹದ ಯೋಜನೆಯನ್ನು ಮುನ್ನಡೆಸಿದ್ದ ಜ್ಯಾನ್ ಕಿಂಗ್ 2002ರಲ್ಲಿ ಕೊಟ್ಟ ವಿವರಣೆ ಹೀಗಿತ್ತು: ಶಾರ್ಟ್ ಆಗಿದ್ದ ಬ್ಯಾಟರಿಯ ಒಂದು ಕೋಶ ಒಳಗೇ ಕಡಿದುಹೋಗಿ ಓಪನ್ ಆಗಿದೆ. ಕೋಶಗಳು ಸಾಲಾಗಿರುವುದರಿಂದ ಒಂದು ಕಡಿದರೆ ಇಡೀ ಬ್ಯಾಟರಿಯೇ ತಂತಿಯಿಂದ ಕಳಚಿದಂತೆ. ನುಂಗುವುದು ನಿಂತಿತು. ಸೌರಫಲಕಗಳ ವಿದ್ಯುತ್ ನೇರವಾಗಿ ರೇಡಿಯೋಗೆ ಹರಿಯಿತು. ಅರ್ಧ ಸತ್ತ ಬ್ಯಾಟರಿ ಉಪಗ್ರಹವನ್ನು ಮಲಗಿಸಿತ್ತು. ಪೂರ್ತಿ ಸತ್ತ ಬ್ಯಾಟರಿ ಅದನ್ನು ಬಿಟ್ಟುಕೊಟ್ಟಿತು.

ಎರಡನೆಯ ಬದುಕು ಮೊದಲಿನಂತಿಲ್ಲ. ಬಿಸಿಲಿರುವಷ್ಟು ಹೊತ್ತು ಎಚ್ಚರ, ನೆರಳಿಗೆ ಸರಿದರೆ ನಿದ್ದೆ. ಕೂಡಿಟ್ಟ ವಿದ್ಯುತ್ ಇಲ್ಲದ್ದರಿಂದ ಕೇಳುಗರಿಗೂ ಒಂದು ಶಿಸ್ತು ಬಂತು. ಯಾರೋ ಒಬ್ಬರು ಜೋರಾದ ಸಿಗ್ನಲ್ ಕಳಿಸಿದರೆ ಅದನ್ನು ಮರುಪ್ರಸಾರ ಮಾಡಲು ಉಪಗ್ರಹ ಹೆಚ್ಚು ವಿದ್ಯುತ್ ಎಳೆಯುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಎಲ್ಲರ ದನಿಯೂ ಒಟ್ಟಿಗೆ ನಡುಗುತ್ತದೆ. ಹಾಗಾಗಿ ಈ ಉಪಗ್ರಹದ ಮೂಲಕ ಮಾತಾಡುವವರು ಕಡಿಮೆ ಶಕ್ತಿಯಲ್ಲಿ, ಇನ್ನೊಬ್ಬರಿಗೂ ಜಾಗ ಉಳಿಸಿ ಮಾತಾಡಬೇಕು. 2024ರ ನವೆಂಬರ್‌ನಲ್ಲಿ ಅದಕ್ಕೆ 50 ತುಂಬಿದಾಗಲೂ ಬಿಸಿಲಿನಲ್ಲಿ ಅದು ಮಾತು ಮರಳಿಸುತ್ತಿತ್ತು.

ಇದೇ ಕತೆಗೆ ಬೆಂಗಳೂರಿನಲ್ಲಿ ಇನ್ನೊಂದು ಕೊನೆಯಿದೆ. ಅಲ್ಲಿನ ಇಸ್ರೋ ಉಪಗ್ರಹ ಕೇಂದ್ರದಲ್ಲಿ ರೂಪುಗೊಂಡ 42.5 ಕಿಲೋ ತೂಕದ ಹ್ಯಾಮ್‌ಸ್ಯಾಟ್, 2005ರ ಮೇ 5ರಂದು ಶ್ರೀಹರಿಕೋಟಾದಿಂದ ಕಾರ್ಟೋಸ್ಯಾಟ್-1ರ ಜೊತೆ ಪಿಎಸ್‌ಎಲ್‌ವಿ-ಸಿ6ರಲ್ಲಿ ಹಾರಿತು. ಹವ್ಯಾಸಿಗಳು ಅದನ್ನು ವಿಓ-52 ಎಂದು ಕರೆದರು. ಅದರಲ್ಲಿದ್ದ ಎರಡು ಟ್ರಾನ್ಸ್‌ಪಾಂಡರುಗಳಲ್ಲಿ ಒಂದು ಭಾರತದ್ದು, ಇನ್ನೊಂದು ನೆದರ್ಲೆಂಡ್ಸಿನ ಹವ್ಯಾಸಿಯೊಬ್ಬರು ಮಾಡಿದ್ದು. ಸುಮಾರು ಒಂದು ವಾಟ್ ಶಕ್ತಿಯಲ್ಲಿ ಅದು ಒಂಬತ್ತು ವರ್ಷ ಜಗತ್ತಿನ ಮಾತನ್ನು ದಾಟಿಸಿತು. 2014ರ ಜುಲೈ 11ರಂದು ಅದರ ಲಿಥಿಯಂ-ಅಯಾನ್ ಬ್ಯಾಟರಿ ಕೆಟ್ಟಿತು. ಅಲ್ಲಿಗೆ ಸೇವೆ ಮುಗಿಯಿತು.

ಎರಡನ್ನೂ ಕೆಡವಿದ್ದು ರೇಡಿಯೋ ಅಲ್ಲ, ಬ್ಯಾಟರಿ. ಚಂಡಮಾರುತದ ರಾತ್ರಿ ಊರಿನ ಕರೆಂಟು ಹೋದಾಗ ಬೆಟ್ಟದ ಮೇಲಿನ ರಿಪೀಟರಿಗೂ ಇದೇ ಪರೀಕ್ಷೆ ಎದುರಾಗುತ್ತದೆ, ಆಗ ಹತ್ತಿ ನೋಡಲು ರಸ್ತೆಯೂ ಇರುವುದಿಲ್ಲ. ಬ್ಯಾಟರಿ ಒಂದಲ್ಲ ಒಂದು ದಿನ ಕೆಟ್ಟೇ ಕೆಡುತ್ತದೆ. ಕೆಟ್ಟಾಗ ಅದು ತಾನಾಗಿ ಪಕ್ಕಕ್ಕೆ ಸರಿಯುತ್ತದೆಯೋ, ಉಳಿದದ್ದನ್ನೂ ಹಿಡಿದು ಮುಳುಗಿಸುತ್ತದೆಯೋ ಎಂಬುದನ್ನು ಯಂತ್ರ ಕಟ್ಟುವ ದಿನವೇ ಕೇಳಿಕೊಳ್ಳಬೇಕು. ಆಸ್ಕರ್ 7ರ ವಿಷಯದಲ್ಲಿ ಆ ಪ್ರಶ್ನೆಗೆ ಉತ್ತರ ಅದೃಷ್ಟದಿಂದ ಸಿಕ್ಕಿತು, ಅದೂ 21 ವರ್ಷ ತಡವಾಗಿ.