ಹಳೇ ಫೋಟೋದಲ್ಲಿರೋ ಆ ವಿಮಾನ ಯಾವುದು?

1/6
ನಿಮ್ಮನೇಲೂ ಇಂಥದ್ದೊಂದು ಫೋಟೋ ಇರಬಹುದು. ಟ್ರಂಕಿನ ತಳದಲ್ಲೋ, ಮದುವೆ ಆಲ್ಬಮ್ಮಿನ ಕೊನೇ ಹಾಳೆಯಲ್ಲೋ. ಯಾರೋ ಹಿರಿಯರು ಒಂದು ಕಾರು, ರೈಲು, ಇಲ್ಲಾ ವಿಮಾನದ ಮುಂದೆ ನಿಂತಿರ್ತಾರೆ. ಜೊತೆಗೊಂದು ಕಥೆ ಇರುತ್ತೆ. ಫೋಟೋ ಹಂಗೇ ಇರುತ್ತೆ, ಕಥೆ ಮಾತ್ರ ವರ್ಷದಿಂದ ವರ್ಷಕ್ಕೆ ಬೆಳೀತಾ ಹೋಗುತ್ತೆ.

ನಮ್ಮನೆ ಫೋಟೋದಲ್ಲಿ ಇರೋದು ಮುತ್ತಾತ, ಅಜ್ಜಿಯ ಅಪ್ಪ. ಹಿಂದೆ ಒಂದು ದೊಡ್ಡ ವಿಮಾನ, ಅದರ ಹಿಂದೆ ನೀರು. ಫೋಟೋ ಬೆನ್ನಿಗೆ ಪೆನ್ಸಿಲ್‌ನಲ್ಲಿ "ಕೆರೆ, ಮಾರ್ಚಿ" ಅಂತಷ್ಟೇ ಬರೆದಿದೆ. ವರ್ಷ ಇಲ್ಲ. ಮನೆಯ ಕಥೆ ಏನಪ್ಪಾ ಅಂದ್ರೆ, ಮುತ್ತಾತ ಯುದ್ಧದಲ್ಲಿ ಈ ವಿಮಾನ ಓಡಿಸ್ತಿದ್ರು.

ನಿಜಾನಾ? ಲೆಡ್ಜರ್ ಟ್ಯಾಲಿ ಮಾಡೋ ಥರ ನೋಡೋಣ ಬನ್ನಿ. ಇದೇ ಕ್ರಮ ನಿಮ್ಮ ಫೋಟೋಗೂ ನಡೆಯುತ್ತೆ.

2/6
ಮೊದಲು ಎಂಜಿನ್ ಎಣಿಸಿ. ಆಮೇಲೆ ರೆಕ್ಕೆ ಎಲ್ಲಿ ಕೂತಿದೆ ನೋಡಿ. ಹೆಸರು ಹುಡುಕೋ ಕೆಲಸ ಕೊನೇಗೆ.

ನಮ್ಮವರು ಬೆಂಗಳೂರು ಬಿಟ್ಟು ದೂರ ಹೋದವರಲ್ಲ. ಹಾಗಾಗಿ ಆ ಕಾಲಕ್ಕೆ ಬೆಂಗಳೂರಲ್ಲಿ ಯಾವ್ಯಾವ ವಿಮಾನ ಇತ್ತು ಅನ್ನೋದು ಮುಖ್ಯ. 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಇಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದ್ರು. ಇವತ್ತಿನ ಎಚ್‌ಎಎಲ್ ಅದೇ. 1941ರಲ್ಲಿ ಅಲ್ಲಿಂದ ಹಾರ್ಲೋ ಅನ್ನೋ ತರಬೇತಿ ವಿಮಾನ ಹಾರಿತು. ಆಮೇಲೆ ಹಾಕ್ ಯುದ್ಧವಿಮಾನ ಬಂತು. ಇವೆರಡಕ್ಕೂ ಮೂಗಿನ ಮೇಲೆ ಒಂದೇ ಎಂಜಿನ್.

ನಮ್ಮ ಫೋಟೋದಲ್ಲಿ ಎಂಜಿನ್ ಎರಡು. ಹಾರ್ಲೋ, ಹಾಕ್ ಎರಡೂ ಔಟ್.

ಎರಡು ಎಂಜಿನ್ ಅಂದ್ರೆ ಡಕೋಟಾ ಇರಬಹುದಾ? ಡಕೋಟಾದ ರೆಕ್ಕೆ ಹೊಟ್ಟೆಯ ಕೆಳಭಾಗಕ್ಕೆ ಸೇರಿಕೊಂಡಿರುತ್ತೆ. ಇಲ್ಲಿ ರೆಕ್ಕೆ ವಿಮಾನದ ಬೆನ್ನಿಗಿಂತಲೂ ಮೇಲೆ, ಒಂದು ದಪ್ಪ ಕಂಬದ ಮೇಲೆ ಚಪ್ಪರ ಹಾಕಿದ ಹಾಗೆ ಕೂತಿದೆ. ಡಕೋಟಾನೂ ಔಟ್.

3/6
ಈಗ ಹೊಟ್ಟೆ ನೋಡಿ. ದೋಣಿ ಥರ ಚೂಪಾಗಿದೆ. ರೆಕ್ಕೆ ತುದಿಯಿಂದ ಒಂದು ಪುಟ್ಟ ದೋಣಿ ಕೆಳಗೆ ಇಳಿಬಿದ್ದಿದೆ. ಅಂದ್ರೆ ಇದು ನೀರಿನ ಮೇಲೆ ಇಳಿಯೋ ವಿಮಾನ. ಬ್ರಿಟಿಷರ ಹತ್ರ ಸಂಡರ್‌ಲ್ಯಾಂಡ್ ಅನ್ನೋ ಹಾರುವ ದೋಣಿ ಇತ್ತು, ಆದರೆ ಅದಕ್ಕೆ ನಾಲ್ಕು ಎಂಜಿನ್.

ಕೊನೇ ಸುಳಿವು, ಬಾಲದ ಕಡೆ ಎರಡು ಪಕ್ಕದಲ್ಲೂ ಉಬ್ಬಿರೋ ಗಾಜಿನ ಕಿಟಕಿ. ನೀರಿನ ಹನಿ ಅಂಟಿಕೊಂಡ ಹಾಗೆ. ಇಷ್ಟೂ ಒಟ್ಟಿಗೆ ಇರೋದು ಒಂದರಲ್ಲೇ: ಕ್ಯಾಟಲಿನಾ.

ಅಮೆರಿಕದ ಕನ್ಸಾಲಿಡೇಟೆಡ್ ಕಂಪನಿ ಮಾಡಿದ್ದು. ಮೊದಲ ಹಾರಾಟ 1935. ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ 104 ಅಡಿ. ತುದಿಯ ಆ ಪುಟ್ಟ ದೋಣಿಗಳು ಹಾರುವಾಗ ಮೇಲಕ್ಕೆ ಮಡಚಿಕೊಂಡು ರೆಕ್ಕೆಯದ್ದೇ ತುದಿ ಆಗಿಬಿಡ್ತವೆ. ವೇಗ ಕಮ್ಮಿ, ಆದರೆ ಸಮುದ್ರದ ಮೇಲೆ ಇಡೀ ದಿನ ಸುತ್ತೋ ತಾಕತ್ತು ಇತ್ತು.

ಆ ತಾಕತ್ತಿನ ಬೆಲೆ ಎಷ್ಟು ಅಂತೀರಾ? 1942ರ ಏಪ್ರಿಲ್ 4ರಂದು ಸಿಲೋನ್‌ನ ಕೊಗ್ಗಲದಿಂದ ಹೊರಟ ಕ್ಯಾಟಲಿನಾದಲ್ಲಿದ್ದ ಕೆನಡಾದ ಪೈಲಟ್ ಲಿಯೊನಾರ್ಡ್ ಬರ್ಚಲ್, ಸಿಲೋನ್ ಕಡೆ ಬರ್ತಿದ್ದ ಜಪಾನಿನ ನೌಕಾಪಡೆಯನ್ನ ಕಂಡುಹಿಡಿದರು. ವಿಮಾನವನ್ನ ಹೊಡೆದುರುಳಿಸಿದ್ರು, ಬರ್ಚಲ್ ಸೆರೆಯಾದರು. ಆದರೆ ರೇಡಿಯೋ ಸಂದೇಶ ಮುಟ್ಟಿತ್ತು. ಮಾರನೇ ದಿನ ಕೊಲಂಬೊ ಮೇಲೆ ದಾಳಿ ಆದಾಗ ಅಲ್ಲಿನವರಿಗೆ ಮುನ್ಸೂಚನೆ ಸಿಕ್ಕಿತ್ತು.

4/6
ಸರಿ, ಸಮುದ್ರದ ವಿಮಾನಕ್ಕೆ ಸಮುದ್ರವೇ ಇಲ್ಲದ ಬೆಂಗಳೂರಲ್ಲಿ ಏನು ಕೆಲಸ?

ರಿಪೇರಿ. 1942ರಲ್ಲಿ ಭಾರತ ಸರ್ಕಾರ ಕಾರ್ಖಾನೆಯನ್ನ ತನ್ನ ಕೈಗೆ ತಗೊಂಡಿತು. 1943ರಲ್ಲಿ ಅದರ ಉಸ್ತುವಾರಿ ಅಮೆರಿಕದ ವಾಯುಸೇನೆಗೆ ಹೋಯ್ತು. ಯುದ್ಧದಲ್ಲಿ ಸವೆದ ವಿಮಾನಗಳನ್ನ ಇಲ್ಲಿ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿ ಕಳಿಸ್ತಿದ್ರು. ಕ್ಯಾಟಲಿನಾಗಳೂ ಬರ್ತಿದ್ವು. ಇಳೀತಿದ್ದದ್ದು ಎಲ್ಲಿ ಗೊತ್ತಾ? ಬೆಳ್ಳಂದೂರು ಕೆರೇಲಿ. ಹೌದು, ನೊರೆ, ಬೆಂಕಿ ಅಂತ ನೀವು ರೀಲ್ಸ್‌ನಲ್ಲಿ ನೋಡಿದ ಅದೇ ಬೆಳ್ಳಂದೂರು. ಕಾರ್ಖಾನೆಗೆ ಹತ್ತಿರದ ದೊಡ್ಡ ನೀರು ಅದೇ. ಪೆನ್ಸಿಲ್‌ನಲ್ಲಿದ್ದ "ಕೆರೆ" ಈಗ ಟ್ಯಾಲಿ ಆಯ್ತು.

ಇನ್ನು ವರ್ಷ. ವಿಮಾನದ ಪಕ್ಕದಲ್ಲಿರೋ ದುಂಡನೆ ಗುರುತು ನೋಡಿ. ಬ್ರಿಟಿಷ್ ವಿಮಾನಕ್ಕೆ ಸಾಮಾನ್ಯವಾಗಿ ನಡುವೆ ಕೆಂಪು ಬೊಟ್ಟು ಇರ್ತಿತ್ತು. ಆದರೆ ಜಪಾನಿನ ಗುರುತೂ ಕೆಂಪು ಬೊಟ್ಟೇ. ಗಡಿಬಿಡಿಯಲ್ಲಿ ಕೆಂಪು ಕಂಡ ತಕ್ಷಣ ತಮ್ಮದೇ ವಿಮಾನಕ್ಕೆ ಗುಂಡು ಹಾರಿಸೋ ಅಪಾಯ ಇತ್ತು. ಅದಕ್ಕೆ 1942ರ ಮಧ್ಯದಿಂದ ಈ ಭಾಗದಲ್ಲಿ ಕೆಂಪು ತೆಗೆದುಬಿಟ್ರು. ನಡುವೆ ತಿಳಿ ಬಣ್ಣ, ಸುತ್ತ ಕಡು ನೀಲಿ.

ಕಪ್ಪು ಬಿಳುಪು ಫೋಟೋದಲ್ಲಿ ಕೆಂಪು ಗಾಢವಾಗಿ ಕಾಣುತ್ತೆ. ನಮ್ಮ ಫೋಟೋದಲ್ಲಿ ನಡುಭಾಗ ತಿಳಿಯಾಗಿದೆ. ಅಂದ್ರೆ 1942ರ ಮಧ್ಯದ ನಂತರದ್ದು. ತಿಂಗಳು ಮಾರ್ಚಿ, ಹಾಗಾಗಿ ಬೇಗ ಅಂದ್ರೂ 1943. ಯುದ್ಧ ಮುಗಿದು ಸ್ವಲ್ಪ ಕಾಲಕ್ಕೆ ಕೆಂಪು ಮತ್ತೆ ಬಂತು, ಹಾಗಾಗಿ ತಡ ಅಂದ್ರೆ 1946ರ ಆಸುಪಾಸು. ಒಂದು ಬೊಟ್ಟು ಇಷ್ಟು ಹೇಳ್ತು ನೋಡಿ.

5/6
ಕೊನೇಗೆ ಮನುಷ್ಯರನ್ನ ನೋಡಿ. ನಾವು ವಿಮಾನ ನೋಡೋ ಭರದಲ್ಲಿ ಇದನ್ನೇ ಬಿಟ್ಟುಬಿಡ್ತೀವಿ.

ಮುತ್ತಾತನ ಮೈಮೇಲೆ ಅರ್ಧ ತೋಳಿನ ಅಂಗಿ, ಚಡ್ಡಿ. ಕೈಯಲ್ಲಿ ಒರೆಸೋ ಬಟ್ಟೆ. ಪಕ್ಕದಲ್ಲಿ ಅದೇ ಥರದ ನಾಲ್ಕು ಜನ. ಎಂಜಿನ್ ಕೆಳಗೆ ಮರದ ಅಟ್ಟಣಿಗೆ. ಜೊತೆಗೆ ಇನ್ನೊಂದು ವಿಷಯ: ಯುದ್ಧದ ವರ್ಷಗಳಲ್ಲಿ ಭಾರತೀಯ ವಾಯುಪಡೆಗೆ ಕ್ಯಾಟಲಿನಾ ಸ್ಕ್ವಾಡ್ರನ್ ಇರಲೇ ಇಲ್ಲ.

ಮುತ್ತಾತ ಪೈಲಟ್ ಆಗಿರಲಿಲ್ಲ. ಮೆಕ್ಯಾನಿಕ್ ಆಗಿದ್ರು.

ಇದನ್ನ ಅಜ್ಜಿಗೆ ಹೇಳೋದಾ ಬೇಡ್ವಾ ಅಂತ ಎರಡು ದಿನ ಯೋಚನೆ ಮಾಡಿದೆ. ಎಂಬತ್ತು ದಾಟಿದ ಜೀವ, ಅಪ್ಪನ ಬಗ್ಗೆ ಹೆಮ್ಮೆ ಪಡೋಕೆ ಇದ್ದ ಒಂದೇ ಕಥೆ. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ್ರು: "ಅದಕ್ಕೇ ಕಣೋ, ಅಪ್ಪ ಊಟಕ್ಕೆ ಕೂತ್ಕೊಳೋ ಮುಂಚೆ ಕೈಗೆ ಸೀಮೆಎಣ್ಣೆ ಹಚ್ಚಿ ಉಜ್ತಾ ಇದ್ರು."

ಗ್ರೀಸ್ ಹೋಗೋಕೆ! ಈ ಮಾತು ಇಷ್ಟು ವರ್ಷ ನಮ್ಮನೇಲಿ ಯಾರೂ ಕೇಳಿರಲಿಲ್ಲ. ಪೈಲಟ್ ಕಥೆ ಇದ್ದಷ್ಟು ದಿನ ಸೀಮೆಎಣ್ಣೆಗೆ ಅದರಲ್ಲಿ ಜಾಗವೇ ಇರಲಿಲ್ಲ.

6/6
ಯುದ್ಧದ ಪುಸ್ತಕಗಳಲ್ಲಿ ಬರ್ಚಲ್ ಥರದವರ ಹೆಸರು ಸಿಗುತ್ತೆ, ಸಿಗಲೂ ಬೇಕು. ಆದರೆ ಸಮುದ್ರದ ನಟ್ಟನಡುವೆ ಅಂಥ ವಿಮಾನದ ಎಂಜಿನ್ ನಿಲ್ಲದ ಹಾಗೆ ನೋಡಿಕೊಂಡವರ ಹೆಸರು ಬಹುಪಾಲು ನಮ್ಮಂಥ ಮನೆಗಳ ಫೋಟೋದಲ್ಲಷ್ಟೇ ಉಳಿದಿದೆ. ಆ ಕೈಗಳು ಕಲಿತ ಕೆಲಸ ವ್ಯರ್ಥ ಆಗಲಿಲ್ಲ. ಯುದ್ಧ ಆದಮೇಲೆ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರ್‌ಗಳನ್ನ ಸರಿಮಾಡಿ ನಮ್ಮ ವಾಯುಪಡೆಗೆ ಕೊಟ್ಟಿದ್ದು ಇದೇ ಕಾರ್ಖಾನೆ. 1951ರಲ್ಲಿ ಇಲ್ಲೇ ವಿನ್ಯಾಸ ಮಾಡಿದ ಎಚ್‌ಟಿ-2 ಹಾರಿತು.

ಈಗ ನಿಮ್ಮ ಸರದಿ. ಫೋಟೋ ಕ್ರಾಪ್ ಮಾಡಬೇಡಿ, ಸುಳಿವು ಅಂಚಿನಲ್ಲೇ ಇರುತ್ತೆ. ಬೆನ್ನಿನ ಫೋಟೋನೂ ತೆಗೀರಿ. ಫಿಲ್ಟರ್ ಹಾಕಿ ಬಣ್ಣ ತುಂಬಬೇಡಿ. ಮುಖ್ಯವಾಗಿ ಮನೆಯ ಹಿರಿಯರ ಪಕ್ಕ ಕೂತು "ಇವರು ಯಾರು?" ಅಂತ ಒಬ್ಬೊಬ್ಬರ ಮೇಲೂ ಬೆರಳಿಟ್ಟು ಕೇಳಿ, ಬರೆದಿಡಿ. ಮುತ್ತಾತನ ಪಕ್ಕದ ಆ ನಾಲ್ಕು ಜನರಲ್ಲಿ ಒಬ್ಬರ ಹೆಸರನ್ನಷ್ಟೇ ಅಜ್ಜಿ ಗುರುತು ಹಿಡಿದ್ರು. ವಿಮಾನದ ಹೆಸರು ಇವತ್ತಲ್ಲ ನಾಳೆ ಹುಡುಕಬಹುದು. ಮಿಕ್ಕ ಮೂವರ ಹೆಸರು ಹೇಳೋರು ನಮ್ಮನೇಲಿ ಈಗ ಯಾರೂ ಇಲ್ಲ.

#ಹಳೇಫೋಟೋ #ಬೆಳ್ಳಂದೂರುಕೆರೆ #ಕ್ಯಾಟಲಿನಾ #ನಮ್ಮಬೆಂಗಳೂರು