ನೋಡಿ ಬಂದವರು ಏನೆಂದರು?

ಕೆಲವು ವರ್ಷಗಳ ಹಿಂದೆ ಒಂದು ಕಾರ್ಯಕ್ರಮಕ್ಕಾಗಿ ಕ್ಯಾಮರಾ ಹೊತ್ತು ಚಿತ್ರಮಂದಿರವೊಂದರ ಬಾಗಿಲಲ್ಲಿ ನಿಂತಿದ್ದೆವು. ಮ್ಯಾಟ್ನಿ ಬಿಟ್ಟ ಹೊತ್ತು. ಹೊರಬರುತ್ತಿದ್ದವರ ಮುಂದೆ ಮೈಕು ಹಿಡಿದು ಕೇಳುತ್ತಿದ್ದುದು ಒಂದೇ ಪ್ರಶ್ನೆ: ‘ಸಿನಿಮಾ ಹೇಗಿತ್ತು?’ ‘ಸೂಪರ್’ ಎಂದವರಿದ್ದರು. ‘ಪರವಾಗಿಲ್ಲ, ಒಂದ್ಸಲ ನೋಡಬಹುದು’ ಎಂದವರಿದ್ದರು. ಕ್ಯಾಮರಾಕ್ಕೆ ಕೈಬೀಸಿ ಓಡಿದವರೇ ಹೆಚ್ಚು. ಮಧ್ಯವಯಸ್ಸಿನ ಹೆಂಗಸೊಬ್ಬರು ಮಾತ್ರ ಒಂದು ನಿಮಿಷ ನಿಂತರು. ‘ಆ ತಾಯಿ ಪಾತ್ರದವಳು ಅಷ್ಟೊಂದು ಅಳೋದು ಬೇಡಿತ್ತು ಸಾರ್. ಮಗ ಮನೆ ಬಿಟ್ಟು ಹೋದ ದಿನ ಅಳು ಬರೋದಿಲ್ಲ. ಅಭ್ಯಾಸಬಲದ ಮೇಲೆ ಅವನ ಪಾಲಿನ ಅನ್ನವನ್ನೂ ಮಾಡಿಬಿಟ್ಟಿರ್ತೀವಿ. ಅದನ್ನ ನೋಡಿದಾಗ ಅಳು ಬರುತ್ತೆ’ ಎಂದು ಹೇಳಿ ಬಸ್ಸಿನ ಕಡೆ ಓಡಿದರು.

ಪ್ರಸಾರವಾದದ್ದು ಮೂವತ್ತು ಸೆಕೆಂಡು. ಆಕೆಯ ಮಾತು ಉದ್ದವಾಯಿತೆಂದು ನಾನೇ ಕತ್ತರಿಸಿದ್ದೆ. ಟೇಪು ದುಬಾರಿಯಾದ್ದರಿಂದ ಅಳಿಸಿ ಮತ್ತೆ ಬಳಸುವುದು ವಾಡಿಕೆ. ಅಳಿಸಬಹುದು ಎಂಬ ಚೀಟಿಗೆ ಸಹಿ ಹಾಕಿದವನೂ ನಾನೇ. ಆ ದಿನ ನೋಡಿದ ಚಿತ್ರದ ಕಥೆ ನನಗೆ ಈಗ ನೆನಪಿಲ್ಲ, ಆ ಅನ್ನದ ಮಾತು ನೆನಪಿದೆ.

ವಿದ್ಯಾರ್ಥಿ ಮಿತ್ರರೇ, ನಾನು ಓದಿದ್ದು ಭೌತಶಾಸ್ತ್ರ. ಪ್ರಯೋಗ ಮಾಡಿದವನ ಹೆಸರಿಗಿಂತ ಪ್ರಯೋಗದ ಫಲಿತಾಂಶ ಮುಖ್ಯ ಎಂದು ನಮಗೆ ಕಲಿಸುತ್ತಿದ್ದರು. ಸಿನಿಮಾದ ಇತಿಹಾಸ ಓದಲು ತೊಡಗಿದಾಗ ಅಲ್ಲಿ ಇದು ತಲೆಕೆಳಗಾಗಿರುವುದು ಕಂಡಿತು. ಯಾರು ತೆಗೆದರು, ಎಷ್ಟು ಖರ್ಚಾಯಿತು, ಎಷ್ಟು ವಾರ ಓಡಿತು ಎಂಬುದೆಲ್ಲ ದಾಖಲಾಗಿದೆ. ಟಿಕೆಟು ಕೊಂಡು ಒಳಗೆ ಕುಳಿತವನಿಗೆ ಏನನ್ನಿಸಿತು ಎಂಬ ಫಲಿತಾಂಶದ ಕಾಲಂ ಮಾತ್ರ ಬಹುಪಾಲು ಖಾಲಿ. ನಮ್ಮ ಮಾತುಕತೆ ಕಾರ್ಯಕ್ರಮದಲ್ಲಿ ಈ ವಿಷಯ ಬಂದಾಗ ಹೇಳಲು ಸಮಯ ಸಾಲದೆ ಉಳಿದ ಕೆಲವು ಸಂಗತಿಗಳನ್ನು ಇಲ್ಲಿ ಹೇಳುತ್ತೇನೆ.

1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನ ಗ್ರಾಂಡ್ ಕೆಫೆಯ ನೆಲಮಾಳಿಗೆಯಲ್ಲಿ ಲೂಮಿಯೆರ್ ಸೋದರರ ಸಿನಿಮಾಟೋಗ್ರಾಫ್ ಪ್ರದರ್ಶನ ನಡೆಯಿತು. ಒಂದು ಫ್ರಾಂಕ್ ಕೊಟ್ಟು ಒಳಗೆ ಬಂದವರು 33 ಜನ. ಸುಮಾರು 50 ಸೆಕೆಂಡುಗಳ ಹತ್ತು ತುಣುಕುಗಳು. ಕಾರ್ಖಾನೆಯಿಂದ ಹೊರಬರುವ ಕೆಲಸಗಾರರು, ಮಗುವಿಗೆ ಉಣಿಸುತ್ತಿರುವ ತಂದೆತಾಯಿ, ತೋಟದ ಮಾಲಿಯ ಮುಖಕ್ಕೆ ನೀರು ಹಾರಿಸುವ ತುಂಟ ಹುಡುಗ. ಇಷ್ಟನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ಜೊತೆಗೆ ಇನ್ನೊಂದು ಕಥೆಯನ್ನೂ ಹೇಳುತ್ತವೆ: ತೆರೆಯ ಮೇಲೆ ರೈಲು ನುಗ್ಗಿ ಬರುವುದನ್ನು ಕಂಡು ಪ್ರೇಕ್ಷಕರು ಹೆದರಿ ಕುರ್ಚಿ ಬಿಟ್ಟು ಓಡಿದರಂತೆ.

ನಾನೂ ಇದನ್ನು ಎಷ್ಟೋ ಸಲ ಮೈಕಿನ ಮುಂದೆ ಹೇಳಿದ್ದೇನೆ. ಸಾಕ್ಷ್ಯ ಹುಡುಕಲು ಹೊರಟರೆ ಪೇಚಾಟ. ಮೊದಲನೆಯದಾಗಿ, ಆ ಪ್ರಸಿದ್ಧ ರೈಲು ಡಿಸೆಂಬರ್ 28ರ ಕಾರ್ಯಕ್ರಮದಲ್ಲಿ ಇರಲೇ ಇಲ್ಲ. ಅದು ತೆರೆಗೆ ಬಂದದ್ದು 1896ರಲ್ಲಿ. ಎರಡನೆಯದಾಗಿ, ಜರ್ಮನಿಯ ಚಲನಚಿತ್ರ ಇತಿಹಾಸಕಾರ ಮಾರ್ಟಿನ್ ಲೋಯ್ಪರ್ಡಿಂಗರ್ 1990ರ ದಶಕದಲ್ಲಿ ಇದನ್ನು ಕೆದಕಿದಾಗ, ಅಂಥ ಗಲಿಬಿಲಿ ನಡೆದದ್ದಕ್ಕೆ ಆ ಕಾಲದ ಪತ್ರಿಕೆಗಳಲ್ಲಾಗಲಿ ಪೊಲೀಸ್ ದಾಖಲೆಗಳಲ್ಲಾಗಲಿ ಆಧಾರ ಸಿಗಲಿಲ್ಲ. ಹಾಗಾದರೆ ಓಡಿದವರು ಯಾರು? 1901ರಲ್ಲಿ ಇಂಗ್ಲೆಂಡಿನ ರಾಬರ್ಟ್ ಪಾಲ್ ಒಂದು ಪುಟ್ಟ ಹಾಸ್ಯಚಿತ್ರ ತೆಗೆದ. ಅದರಲ್ಲಿ ಹಳ್ಳಿಯವನೊಬ್ಬ ಮೊದಲ ಬಾರಿಗೆ ಸಿನಿಮಾ ನೋಡುತ್ತಾನೆ, ರೈಲು ಕಂಡೊಡನೆ ಬೆದರಿ ಓಡುತ್ತಾನೆ. ಮರುವರ್ಷವೇ ಅಮೆರಿಕದಲ್ಲೂ ಅಂಥದೇ ಚಿತ್ರ ಬಂತು. ಪಟ್ಟಣದವರು ಹಳ್ಳಿಯವನನ್ನು ನಗೆಪಾಟಲು ಮಾಡಲು ಕಟ್ಟಿದ ಪ್ರಸಂಗ ಅದು. ಇಂಥ ನಗೆಯೇ ಮುಂದೆ ಇತಿಹಾಸದ ವೇಷ ತೊಟ್ಟು ಪಠ್ಯಗಳಿಗೆ ಬಂದಿರಬೇಕು ಎಂಬುದು ನನ್ನ ಅನುಮಾನ. ಪ್ರೇಕ್ಷಕ ತಾನಾಗಿ ಏನನ್ನೂ ಬರೆದಿಡದಿದ್ದರೆ ಅವನ ಪರವಾಗಿ ಬೇರೆಯವರು ಬರೆಯುತ್ತಾರೆ.

ಬರೆದಿಟ್ಟವರು ಇಲ್ಲವೇ ಇಲ್ಲವೆಂದಲ್ಲ. 1896ರ ಬೇಸಿಗೆಯಲ್ಲಿ ರಷ್ಯಾದ ನಿಜ್ನಿ ನೊವ್ಗೊರೊದ್ ನಗರದಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಅಲ್ಲಿ ಒಂದು ಹಾಡು-ಕುಣಿತದ ಕೆಫೆಯಲ್ಲಿ ಲೂಮಿಯೆರ್ ಚಿತ್ರಗಳನ್ನು ತೋರಿಸುತ್ತಿದ್ದರು. ಸ್ಥಳೀಯ ಪತ್ರಿಕೆಗೆ ಗುಪ್ತನಾಮದಲ್ಲಿ ಬರೆಯುತ್ತಿದ್ದ 28 ವರ್ಷದ ಯುವಕನೊಬ್ಬ ಒಂದು ಸಂಜೆ ಒಳಹೊಕ್ಕ. ಅವನೇ ಮ್ಯಾಕ್ಸಿಂ ಗಾರ್ಕಿ. ‘ತಾಯಿ’ ಕಾದಂಬರಿ ಬರೆಯುವುದಕ್ಕೆ ಇನ್ನೂ ಹತ್ತು ವರ್ಷ ಬಾಕಿಯಿತ್ತು.

ಗಾರ್ಕಿಗೆ ಮೊದಲು ಕಂಡದ್ದು ಇದ್ದದ್ದಲ್ಲ, ಇಲ್ಲದ್ದು. ಬಣ್ಣವಿಲ್ಲ. ಆಕಾಶ, ಮರದೆಲೆ, ಮನುಷ್ಯರ ಮುಖ ಎಲ್ಲವೂ ಬೂದಿ. ಶಬ್ದವಿಲ್ಲ. ಗಾಡಿಗಳು ಉರುಳುತ್ತವೆ, ಚಕ್ರದ ಸದ್ದಿಲ್ಲ. ಜನ ನಗುತ್ತಾರೆ, ನಗು ಕೇಳುವುದಿಲ್ಲ. ಇದು ಬದುಕಲ್ಲ, ಬದುಕಿನ ನೆರಳು ಎಂದು ಅವನಿಗೆ ತೋರಿತು. ರೈಲು ನೇರ ಮೈಮೇಲೆ ಬಂದು ಕತ್ತಲ ಹಾಲನ್ನೇ ಪುಡಿ ಮಾಡೀತು ಎಂಬ ಕಲ್ಪನೆ ಅವನಿಗೂ ಬಂತು, ಆದರೆ ಮರುಕ್ಷಣವೇ ಅದೂ ನೆರಳೇ ಎಂದು ತಿಳಿಯಿತು. ಅವನು ಕುರ್ಚಿಯಿಂದ ಏಳಲಿಲ್ಲ. ಸುತ್ತಲೂ ಮದ್ಯ, ಗದ್ದಲ, ಹೊಟ್ಟೆಪಾಡಿಗೆ ಅಲ್ಲಿಗೆ ಬಂದ ಹೆಣ್ಣುಗಳು. ತೆರೆಯ ಮೇಲೆ ಮಾತ್ರ ಮಗುವಿಗೆ ತಿನ್ನಿಸುತ್ತಿರುವ ಸುಖಸಂಸಾರ. ಈ ಎರಡರ ನಡುವಿನ ಅಂತರ ಅವನನ್ನು ಚುಚ್ಚಿತು. ಇಂಥ ಕಡೆ ಹಣವಾಗಬೇಕೆಂದರೆ ಮುಂದೆ ಬೇರೆಯೇ ಬಗೆಯ ಚಿತ್ರಗಳನ್ನು ತೋರಿಸುತ್ತಾರೆ ಎಂದೂ ಅವನು ಊಹಿಸಿದ. ಸಿನಿಮಾ ಹುಟ್ಟಿ ಇನ್ನೂ ಏಳು ತಿಂಗಳಾಗಿತ್ತು, ನೆನಪಿರಲಿ. ಶಬ್ದ, ಬಣ್ಣಗಳ ಕೊರತೆ ತುಂಬಲು ತಂತ್ರಜ್ಞರಿಗೆ ದಶಕಗಳೇ ಹಿಡಿದವು; ಕೊರತೆಯ ಪಟ್ಟಿಯನ್ನು ಒಬ್ಬ ಪ್ರೇಕ್ಷಕ ಒಂದೇ ಸಂಜೆಯಲ್ಲಿ ಬರೆದು ಮುಗಿಸಿದ್ದ.

ನಿಂತ ಚಿತ್ರಗಳು ಚಲಿಸುವಂತೆ ಕಾಣುವುದು ಅಕ್ಷಿಪಟಲದಲ್ಲಿ ಬಿಂಬ ಕ್ಷಣಕಾಲ ಉಳಿಯುವುದರಿಂದ ಎಂದು ನಾವು ಶಾಲೆಯಲ್ಲಿ ಓದಿದೆವು. ಅದು ಪೂರ್ತಿ ಸರಿಯಲ್ಲ. ಬಿಂಬ ಉಳಿದುಕೊಂಡರೆ ಒಂದರ ಮೇಲೊಂದು ಕಲಸಿಹೋಗಬೇಕಷ್ಟೆ, ಚಲನೆ ಕಾಣಬೇಕಿಲ್ಲ. ಚಲನೆಯನ್ನು ಕಟ್ಟುವುದು ಮಿದುಳು. 1912ರಲ್ಲಿ ಮ್ಯಾಕ್ಸ್ ವರ್ತೈಮರ್ ಮಾಡಿದ ಪ್ರಯೋಗಗಳಿಂದ ಈಚೆಗೆ ಮನೋವಿಜ್ಞಾನಿಗಳು ಹೀಗೆಯೇ ನೋಡುತ್ತ ಬಂದಿದ್ದಾರೆ. ಅಂದರೆ ಚಿತ್ರದ ಅರ್ಧ ಕೆಲಸ ಕುರ್ಚಿಯಲ್ಲಿ ಕುಳಿತವನದೇ. ವಿಷಯಾಂತರವಾಯಿತು, ಕ್ಷಮಿಸಿ.

ಗಾರ್ಕಿ ಚಿತ್ರ ನೋಡಿದ ಅದೇ ತಿಂಗಳು, 1896ರ ಜುಲೈ 7ರಂದು, ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಭಾರತದ ಮೊದಲ ಪ್ರದರ್ಶನ. ಟಿಕೆಟು ಒಂದು ರೂಪಾಯಿ. ಒಂದು ವಾರದಲ್ಲಿ ಪ್ರದರ್ಶನ ನಾವೆಲ್ಟಿ ಥಿಯೇಟರಿಗೂ ಬಂತು. ಅಲ್ಲಿ ನಾಲ್ಕಾಣೆಯ ಜಾಗವೂ ಇತ್ತು. ಆ ನಾಲ್ಕಾಣೆಯವರು ಮನೆಗೆ ಹೋಗಿ ಏನು ಹೇಳಿದರು? ಗೊತ್ತಿಲ್ಲ. ಹರಿಶ್ಚಂದ್ರ ಸಖಾರಾಮ ಭಾಟವಡೇಕರ್ ಎಂಬ ಛಾಯಾಗ್ರಾಹಕರ ಅಭಿಪ್ರಾಯ ಮಾತ್ರ ಗೊತ್ತಿದೆ, ಏಕೆಂದರೆ ಅವರು ಅದನ್ನು ಮಾತಿನಲ್ಲಿ ಹೇಳದೆ ಲಂಡನ್ನಿನಿಂದ ಒಂದು ಕ್ಯಾಮರಾ ತರಿಸಿಕೊಂಡರು. 1899ರಲ್ಲಿ ಕುಸ್ತಿಯೊಂದನ್ನು ಚಿತ್ರಿಸಿದರು.

ಧುಂಡಿರಾಜ್ ಗೋವಿಂದ ಫಾಲ್ಕೆಯವರದೂ ಇದೇ ಬಗೆ. 1910-11ರ ಸುಮಾರಿಗೆ ಮುಂಬಯಿಯ ಟೆಂಟೊಂದರಲ್ಲಿ ಕ್ರಿಸ್ತನ ಜೀವನದ ಚಿತ್ರ ನೋಡುತ್ತಿದ್ದಾಗ, ಕಣ್ಣಿನ ಮುಂದೆ ಕ್ರಿಸ್ತ ಸರಿದುಹೋಗುತ್ತಿದ್ದರೆ ಮನಸ್ಸಿನಲ್ಲಿ ಕೃಷ್ಣ, ರಾಮ, ಗೋಕುಲ, ಅಯೋಧ್ಯೆಗಳು ಕಾಣುತ್ತಿದ್ದವು ಎಂದು 1917ರಲ್ಲಿ ‘ನವಯುಗ’ ಎಂಬ ಮರಾಠಿ ಪತ್ರಿಕೆಯಲ್ಲಿ ಅವರು ಬರೆದರು. ಮತ್ತೆ ಹೋಗಿ ಪತ್ನಿ ಸರಸ್ವತಿಬಾಯಿಯವರಿಗೂ ಅದನ್ನು ತೋರಿಸಿದರು. ಆಮೇಲೆ ತಿಂಗಳುಗಟ್ಟಲೆ ಸಿಕ್ಕ ಚಿತ್ರಗಳನ್ನೆಲ್ಲ ನೋಡಿ ಕಣ್ಣಿನ ಬೇನೆಯನ್ನೇ ತಂದುಕೊಂಡರು. 1913ರ ಮೇ 3ರಂದು ‘ರಾಜಾ ಹರಿಶ್ಚಂದ್ರ’ ತೆರೆ ಕಂಡಿತು. ಫಾಲ್ಕೆ ನಿರ್ಮಾಪಕರಾದ್ದರಿಂದ ಅವರು ಪ್ರೇಕ್ಷಕರಾಗಿದ್ದ ದಿನಗಳು ನಮಗೆ ಉಳಿದವು. ಸರಸ್ವತಿಬಾಯಿಯವರಿಗೆ ಆ ದಿನ ಏನನ್ನಿಸಿತೋ! ಮುಂದೆ ರಾತ್ರಿಯೆಲ್ಲ ಕುಳಿತು ಫಿಲಂ ಪಟ್ಟಿಗೆ ತೂತು ಹಾಕಿದವರು, ರಾಸಾಯನಿಕಗಳನ್ನು ಬೆರೆಸಿದವರು ಆಕೆ.

ಸಾಮಾನ್ಯ ಪ್ರೇಕ್ಷಕನನ್ನು ಹುಡುಕಿಕೊಂಡು ಹೋಗಿ ಕೇಳಬೇಕು ಎಂದು ಮೊದಮೊದಲು ಹೊರಟವರಲ್ಲಿ ಒಬ್ಬಳು ವಿದ್ಯಾರ್ಥಿನಿ. ಜರ್ಮನಿಯ ಎಮಿಲಿ ಆಲ್ಟೆನ್‌ಲೋ, ತನ್ನ ಡಾಕ್ಟರೇಟಿಗಾಗಿ ಮ್ಯಾನ್‌ಹೈಮ್ ನಗರದಲ್ಲಿ ಸುಮಾರು 2,400 ಜನರಿಂದ ಪ್ರಶ್ನಾವಳಿಗೆ ಉತ್ತರ ಪಡೆದಳು. ಕೆಲಸವೇನು, ವಯಸ್ಸೆಷ್ಟು, ವಾರಕ್ಕೆಷ್ಟು ಸಲ ಹೋಗುತ್ತೀರಿ, ಯಾವ ಬಗೆಯ ಚಿತ್ರ ಇಷ್ಟ ಎಂದೆಲ್ಲ ಕೇಳಿದಳು. 1914ರಲ್ಲಿ ಅದು ಪುಸ್ತಕವಾಯಿತು. ಸಿನಿಮಾಕ್ಕೆ ಹೋಗುವವರನ್ನು ಒಂದು ಗುಂಪಾಗಿ ನೋಡುವ ಅಭ್ಯಾಸವನ್ನು ಆಕೆ ಮುರಿದಳು. ಕಾರ್ಖಾನೆಯ ಹುಡುಗನ ರುಚಿ ಬೇರೆ, ಅವನ ತಾಯಿಯದು ಬೇರೆ, ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಯದು ಬೇರೆ. ಮುಂದೆ ಆಕೆ ರಾಜಕಾರಣಕ್ಕೆ ಇಳಿದು ಸಂಸತ್ತನ್ನೂ ಪ್ರವೇಶಿಸಿದರು. ನನಗೇನೋ ಆ 2,400 ಉತ್ತರಗಳೇ ದೊಡ್ಡವು.

ನಮ್ಮಲ್ಲಿ ಕೇಳುವ ಕೆಲಸವನ್ನು ಕೈಗೆತ್ತಿಕೊಂಡದ್ದು ಬ್ರಿಟಿಷ್ ಸರಕಾರ. ಕಾರಣ ರಸಿಕತೆಯಲ್ಲ, ಭಯ. ಅಮೆರಿಕದ ಚಿತ್ರಗಳಲ್ಲಿ ಬಿಳಿಯರ ಕಳ್ಳತನ, ಕೊಲೆ, ಪ್ರಣಯಗಳನ್ನು ನೋಡಿದರೆ ಆಳಿಸಿಕೊಳ್ಳುವವರ ಕಣ್ಣಿನಲ್ಲಿ ಆಳುವವರ ಮರ್ಯಾದೆ ಕುಗ್ಗೀತು ಎಂಬ ಭಯ. ಜೊತೆಗೆ ಬ್ರಿಟಿಷ್ ಚಿತ್ರಗಳಿಗೆ ಮಾರುಕಟ್ಟೆ ಮಾಡಿಕೊಡುವ ಆಸೆ. 1927ರಲ್ಲಿ ಮದರಾಸಿನ ವಕೀಲ ದಿವಾನ್ ಬಹಾದ್ದೂರ್ ಟಿ. ರಂಗಾಚಾರಿಯರ್ ಅಧ್ಯಕ್ಷತೆಯಲ್ಲಿ ಇಂಡಿಯನ್ ಸಿನಿಮಾಟೋಗ್ರಾಫ್ ಕಮಿಟಿ ನೇಮಕವಾಯಿತು. ನಾಲ್ಕು ಸಾವಿರಕ್ಕೂ ಹೆಚ್ಚು ಪ್ರಶ್ನಾವಳಿ ಕಳಿಸಿದರು, ಊರೂರು ಸುತ್ತಿ ಮುನ್ನೂರೈವತ್ತರಷ್ಟು ಸಾಕ್ಷಿಗಳನ್ನು ಕೇಳಿದರು. ಫಾಲ್ಕೆಯವರೂ ಬಂದು ಸಾಕ್ಷ್ಯ ನುಡಿದರು. 1928ರ ವರದಿ ಸರಕಾರ ಬಯಸಿದ್ದನ್ನು ಹೇಳಲಿಲ್ಲ. ಪಾಶ್ಚಾತ್ಯ ಚಿತ್ರಗಳಿಂದ ಆಗುತ್ತಿದೆಯೆನ್ನುವ ಹಾನಿ ಉತ್ಪ್ರೇಕ್ಷೆ, ಸಾಮ್ರಾಜ್ಯದ ಚಿತ್ರಗಳಿಗೆ ವಿಶೇಷ ರಿಯಾಯಿತಿ ಬೇಡ, ಸಹಾಯ ಬೇಕಿರುವುದು ಭಾರತೀಯ ಚಿತ್ರೋದ್ಯಮಕ್ಕೆ ಎಂದಿತು. ಸರಕಾರ ಅದನ್ನು ಕಪಾಟಿನಲ್ಲಿಟ್ಟಿತು.

ಸಾಕ್ಷ್ಯದ ಸಂಪುಟಗಳನ್ನು ಓದುವುದು ಒಂದು ವಿಚಿತ್ರ ಅನುಭವ. ಮಾತಾಡುವವರು ಬಹುಪಾಲು ಅಧಿಕಾರಿಗಳು, ವಕೀಲರು, ಉಪಾಧ್ಯಾಯರು, ಚಿತ್ರಮಂದಿರದ ಮಾಲೀಕರು. ಮಾತಿನ ವಿಷಯ ಮಾತ್ರ ನೆಲದ ಮೇಲೆ ಕುಳಿತು ನೋಡುವವನು. ‘ಓದುಬರಹವಿಲ್ಲದವನ ಮೇಲೆ ಪರಿಣಾಮ ಏನು?’ ಎಂದು ಓದಿದವನನ್ನು ಕೇಳಲಾಗುತ್ತದೆ, ಓದಿದವನು ಸಂಕೋಚವಿಲ್ಲದೆ ಉತ್ತರಿಸುತ್ತಾನೆ. ಪ್ರಯೋಗಶಾಲೆಯಲ್ಲಿ ಹೀಗೆ ಮಾಡಿದ್ದರೆ ನಮ್ಮ ಮೇಷ್ಟ್ರು ರೆಕಾರ್ಡು ಪುಸ್ತಕ ಎಸೆಯುತ್ತಿದ್ದರು. ಪಾದರಸದ ಕುದಿಬಿಂದು ತಿಳಿಯಲು ಪಾದರಸವನ್ನೇ ಕಾಯಿಸಬೇಕಲ್ಲವೆ?

ಗಾಂಧೀಜಿಯವರಿಗೂ ಪ್ರಶ್ನಾವಳಿ ಹೋಗಿತ್ತು. ತಾವು ಸಿನಿಮಾಕ್ಕೆ ಹೋದವರೇ ಅಲ್ಲವಾದ್ದರಿಂದ ಉತ್ತರಿಸಲು ತಕ್ಕವರಲ್ಲ ಎಂದು ಅವರು ಪ್ರಾಮಾಣಿಕವಾಗಿ ತಿಳಿಸಿದರು. ಆದರೆ ಅಲ್ಲಿಗೆ ನಿಲ್ಲದೆ, ಅದರಿಂದಾದ ಕೇಡು ಹೊರಗಿನವನಿಗೂ ಕಾಣುತ್ತದೆ, ಒಳಿತೇನಾದರೂ ಇದ್ದರೆ ಇನ್ನು ಮೇಲೆ ರುಜುವಾತಾಗಬೇಕು ಎಂಬ ಅರ್ಥದ ಮಾತನ್ನೂ ಸೇರಿಸಿದರು. ನೋಡದೆ ಹೇಳಿದ ಅಭಿಪ್ರಾಯ! ಮಹಾತ್ಮರೆಂಬ ಗೌರವವಿಟ್ಟುಕೊಂಡೇ ಇದು ಸರಿಯಲ್ಲ ಎನ್ನಬೇಕಾಗುತ್ತದೆ. 1944ರಲ್ಲಿ ಜುಹುವಿನಲ್ಲಿ ವಿಶ್ರಾಂತಿಯಲ್ಲಿದ್ದಾಗ ವಿಜಯ್ ಭಟ್ಟರ ‘ರಾಮರಾಜ್ಯ’ವನ್ನು ಅವರು ನೋಡಿದರು. ತಮಾಷೆಯೆಂದರೆ, ನಮ್ಮ ಕಡೆ ಟಾಕೀಸಿನಲ್ಲಿ ತೆರೆಗೆ ಅಂಟಿದಂತಿರುವ ಅತ್ಯಂತ ಕಡಿಮೆ ದರದ ಜಾಗಕ್ಕೆ ‘ಗಾಂಧಿ ಕ್ಲಾಸ್’ ಎಂದೇ ಹೆಸರು ಬಿತ್ತು. ಸಿಳ್ಳೆ, ಚಪ್ಪಾಳೆ, ಚಿಲ್ಲರೆ ಕಾಸಿನ ಎರಚಾಟ, ಬೇಸರವಾದರೆ ಕೂಗು, ಎಲ್ಲ ಅಭಿಪ್ರಾಯಗಳೂ ಹೊರಡುತ್ತಿದ್ದುದು ಅಲ್ಲಿಂದಲೇ. ಯಾವ ಕಮಿಟಿಯೂ ಅಲ್ಲಿ ಚಾಪೆ ಹಾಸಿ ಕುಳಿತು ಬರೆದುಕೊಳ್ಳಲಿಲ್ಲ.

ಅಂಥ ಜಾಗಕ್ಕೆ ಹತ್ತಿರ ಬಂದ ಒಂದು ಪ್ರಯತ್ನ ನಡೆದದ್ದು ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ. ಕೆ.ವಿ. ಸುಬ್ಬಣ್ಣನವರ ನೀನಾಸಮ್ 1970ರ ದಶಕದಲ್ಲಿ ಚಿತ್ರಸಮಾಜ ಕಟ್ಟಿ, ಸತ್ಯಜಿತ್ ರಾಯ್, ಕುರೊಸಾವಾ ಮೊದಲಾದವರ ಚಿತ್ರಗಳನ್ನು ಅಡಿಕೆ ತೋಟದ ಜನಕ್ಕೆ ತೋರಿಸಿತು. ಪುಣೆಯ ಫಿಲಂ ಸಂಸ್ಥೆಯ ಪ್ರೊಫೆಸರ್ ಸತೀಶ್ ಬಹಾದೂರ್ ಬಂದು ರಸಗ್ರಹಣ ಶಿಬಿರ ನಡೆಸಿದರು. ‘ಇವೆಲ್ಲ ಹಳ್ಳಿಯವರಿಗೆ ಅರ್ಥವಾಗುತ್ತವೆಯೆ?’ ಎಂಬ ಪ್ರಶ್ನೆ ಪಟ್ಟಣದವರಿಂದಲೇ ಬರುವಂಥದು. 1901ರ ಆ ಹಾಸ್ಯಚಿತ್ರದ ಪ್ರಶ್ನೆಯೂ ಇದೇ ಆಗಿತ್ತು ನೋಡಿ.

ಇದೆಲ್ಲ ಏಕೆ ಮುಖ್ಯವೆಂದರೆ, ಅನೇಕ ಸಲ ಚಿತ್ರವೇ ಉಳಿಯುವುದಿಲ್ಲ. ಹಳೆಯ ಫಿಲಂ ನೈಟ್ರೋಸೆಲ್ಯುಲೋಸಿನದು, ಸಿಡಿಮದ್ದಿನ ದಾಯಾದಿ. ಬೆಂಕಿ ತಗುಲಿದರೆ ನೀರಿನಲ್ಲೂ ಆರದು, ತಗುಲದಿದ್ದರೆ ತಾನಾಗಿ ಅಂಟಾಗಿ, ಪುಡಿಯಾಗಿ ಹೋಗುತ್ತದೆ. ಭಾರತದಲ್ಲಿ ತಯಾರಾದ ಸಾವಿರಕ್ಕೂ ಹೆಚ್ಚು ಮೂಕಿ ಚಿತ್ರಗಳಲ್ಲಿ ಉಳಿದದ್ದು ಕೆಲವೇ ಕೆಲವು. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆಯಾದ ‘ಸತಿ ಸುಲೋಚನ’, ಕನ್ನಡದ ಮೊದಲ ವಾಕ್ಚಿತ್ರ, ಇಂದು ನೋಡಲು ಸಿಗುವುದಿಲ್ಲ. ಆರ್. ನಾಗೇಂದ್ರರಾಯರು ರಾವಣನಾಗಿ ಹೇಗೆ ಗರ್ಜಿಸಿದರು ಎಂಬುದಕ್ಕೆ ಸಾಕ್ಷಿ, ಅದನ್ನು ಕೇಳಿ ಬಂದವರು ಮಾತ್ರ.

ನಮ್ಮ ಅಜ್ಜಿ ಚಿಕ್ಕವಳಿದ್ದಾಗ ಊರ ಜಾತ್ರೆಗೆ ಬಂದ ಟೆಂಟಿನಲ್ಲಿ ಒಂದು ಸಿನಿಮಾ ನೋಡಿದ್ದಳು. ರಾಜನೊಬ್ಬ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ದಾಟುತ್ತಿದ್ದಾನೆ, ನೀರು ಎದೆಮಟ್ಟಕ್ಕೆ ಬಂದಿದೆ, ಅಷ್ಟರಲ್ಲಿ ಜನರೇಟರ್ ಕೆಟ್ಟಿತಂತೆ. ನಾಳೆ ಬನ್ನಿ ಎಂದರಂತೆ. ನಾಳೆ ಹೋದರೆ ಬೇರೆ ಚಿತ್ರ ಹಾಕಿದ್ದರು. ನಾನು ಟಿ.ವಿ. ಕೆಲಸಕ್ಕೆ ಸೇರಿದ ದಿನ ಅಜ್ಜಿ ಕೇಳಿದ್ದು ಸಂಬಳವನ್ನಲ್ಲ. ‘ನಿಮ್ಮಲ್ಲಿ ಹಳೇ ಸಿನಿಮಾ ಎಲ್ಲ ಇರ್ತಾವಂತಲ್ಲೋ, ಆ ಮಗು ದಡ ಸೇರ್ತಾ ನೋಡಿ ಹೇಳು’ ಎಂದಳು. ಚಿತ್ರದ ಹೆಸರು ಆಕೆಗೆ ಗೊತ್ತಿರಲಿಲ್ಲ. ಹಳೆಯ ಜಾಹೀರಾತುಗಳು, ಪದ್ಯಾವಳಿಗಳು, ಚಿತ್ರಪಟ್ಟಿಗಳು, ಕೈಗೆ ಸಿಕ್ಕಿದ್ದನ್ನೆಲ್ಲ ತಿರುವಿ ಹಾಕಿದೆ. ಮಗುವನ್ನು ಹೊತ್ತು ಹೊಳೆ ದಾಟುವ ರಾಜ ನನಗೆ ಎಲ್ಲೂ ಸಿಗಲಿಲ್ಲ.