ಕೊಲ್ಹಾಪುರದ ಮೇಬ್ಯಾಕ್: ಒಡೆತನದ ವಿಚಾರ

ಸಾಂಗಲಿ, ಮಿರಜ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ನೆರೆಯ ಕೊಲ್ಹಾಪುರ 1949ರಲ್ಲಿ. ಗಾದಿ ಹೋದರೂ ಗಾಡಿಯೊಂದು ಉಳಿಯಿತು.

ಜರ್ಮನಿಯ ಮೇಬ್ಯಾಕ್ ಕಾರಖಾನೆಯು ಝೆಪ್ಪೆಲಿನ್ ಆಕಾಶನೌಕೆಗಳಿಗೆ ಯಂತ್ರ ಒದಗಿಸಿ ಹೆಸರಾದುದು. ಅದರ ತೆರೆದ ಮೋಟಾರೊಂದನ್ನು, 1922ರಿಂದ 1940ರ ವರೆಗೆ ಆಳಿದ ರಾಜಾರಾಮ ಮಹಾರಾಜರು ತರಿಸಿಕೊಂಡರು. ಅರಮನೆಯವರು ಜತನದಿಂದ ಕಾಪಾಡಿದ ಆ ವಾಹನವು ದಸರೆಯ ಮೆರವಣಿಗೆಗೆ ಹೊರಡುವುದುಂಟು.

ಒಡೆತನದ ಇತಿಹಾಸವು ಇಷ್ಟಕ್ಕೇ ಮುಗಿಯಿತೆಂದರೆ ನಾವು ಒಪ್ಪಲಾರೆವು. ಕೊಲ್ಹಾಪುರದ ಬೊಕ್ಕಸಕ್ಕೆ ರಾಯಬಾಗದ ಕನ್ನಡ ರೈತರ ಕಂದಾಯವೂ ಸಲ್ಲುತ್ತಿತ್ತು. ಸಾಂಗಲಿಯದಕ್ಕೆ ತೇರದಾಳ, ಶಿರಹಟ್ಟಿಗಳದು. ಏರಿದವರ ಹೆಸರು ಉಳಿದಿದೆ, ತೆತ್ತವರದು ಉಳಿದಿಲ್ಲ. ಹಳ್ಳಿಯ ಮನೆಗಳಲ್ಲಿರುವ ಹಳೆಯ ಕಂದಾಯದ ಪಾವತಿಗಳು ಗೆದ್ದಲಿಗೆ ಆಹಾರವಾಗುವ ಮುನ್ನ ಶಿಕ್ಷಕಬಂಧುಗಳು ಅವನ್ನು ಸಂಗ್ರಹಿಸಬೇಕು.